ಅಬೆನಾಕಿ ಭಾಷೆ ನಿಜವಾಗಲೂ ಸತ್ತುಹೋಗಿದೆಯಾ? ಒಬ್ಬೊಬ್ಬರು ಒಂದೊಂದು ಹೇಳ್ತಾರೆ

ಮೆರಿಮ್ಯಾಕ್ ದಂಡೆ
ಎಲ್ಲರಿಗೂ ನಮಸ್ಕಾರ. ನಾನಿರುವುದು ನ್ಯೂ ಹ್ಯಾಂಪ್‌ಷೈರ್‌ನ ನಾಶುವಾದಲ್ಲಿ. ಈ ಕಡೆ ನದಿ, ಕೆರೆಗಳ ಹೆಸರು ಬಹಳಷ್ಟು ಇಂಗ್ಲಿಷ್ ಅಲ್ಲ. ಮೆರಿಮ್ಯಾಕ್, ವಿನಿಪೆಸಾಕಿ, ಪೆಮಿಗೆವಾಸೆಟ್. ಮಗಳಿಗೆ ಶಾಲೆಯಲ್ಲಿ "ನಿಮ್ಮ ಊರಿನ ಮೂಲ ಜನ ಯಾರು?" ಅಂತ ಪ್ರಾಜೆಕ್ಟ್ ಕೊಟ್ಟಿದ್ದಾರೆ. ಅಬೆನಾಕಿ ಅನ್ನುವಷ್ಟು ಸುಲಭವಾಗಿ ಸಿಕ್ಕಿತು. ಆಮೇಲಿಂದ ತಲೆ ಕೆಟ್ಟಿದೆ.

ಒಂದು ಪುಸ್ತಕದಲ್ಲಿ ಅವರ ಭಾಷೆ ಅಳಿದುಹೋಯಿತು ಅಂತಿದೆ. ಇನ್ನೊಂದು ಕಡೆ ಈಗಲೂ ಪಾಠ ನಡೆಯುತ್ತಿದೆ ಅಂತಿದೆ. ವರ್ಮಾಂಟ್ ಸರ್ಕಾರ ನಾಲ್ಕು ಅಬೆನಾಕಿ ಬುಡಕಟ್ಟುಗಳಿಗೆ ಮಾನ್ಯತೆ ಕೊಟ್ಟಿದೆಯಂತೆ. ಆದರೆ ಕೆನಡಾದ ಅಬೆನಾಕಿಗಳು "ಅವರು ನಮ್ಮವರೇ ಅಲ್ಲ" ಅನ್ನುತ್ತಾರಂತೆ. ಇದರ ಜೊತೆಗೆ ವಬನಾಕಿ, ಪೆನೋಬ್‌ಸ್ಕಾಟ್, ಆಲ್ಗಾಂಕ್ವಿನ್ ಅಂತ ಬೇರೆ. ಎಲ್ಲ ಒಂದೇನಾ? ಯಾರಾದರೂ ತಿಳಿದವರು ಬಿಡಿಸಿ ಹೇಳಿ. ಪ್ರಾಜೆಕ್ಟ್ ಮಗಳದ್ದು, ಕುತೂಹಲ ಮಾತ್ರ ಈಗ ನಂದೇ.

ಭಾಷೆ ಹುಳ
ಒಂದೊಂದಾಗಿ ನೋಡೋಣ.

ಆಲ್ಗಾಂಕ್ವಿನ್ ಅನ್ನುವುದು ಒಟ್ಟಾವಾ ನದಿ ಕಡೆಯ ಒಂದು ಜನ, ಅವರದೇ ಒಂದು ಭಾಷೆ. ಆಲ್ಗಾಂಕ್ವಿಯನ್ ಅನ್ನುವುದು ದೊಡ್ಡ ಭಾಷಾ ಕುಟುಂಬ. ಕ್ರೀ, ಓಜಿಬ್ವೆ, ಬ್ಲ್ಯಾಕ್‌ಫುಟ್, ಶಯೆನ್, ಮಿಕ್‌ಮಾಕ್ ಎಲ್ಲ ಇದರೊಳಗೆ ಬರುತ್ತವೆ. ಅಬೆನಾಕಿ ಇದರ ಪೂರ್ವ ಶಾಖೆಗೆ ಸೇರಿದ್ದು.

ವಬನಾಕಿ ಅನ್ನುವುದು ಒಕ್ಕೂಟದ ಹೆಸರು. ಅಬೆನಾಕಿ, ಪೆನೋಬ್‌ಸ್ಕಾಟ್, ಪಾಸಾಮಾಕ್ವಾಡಿ, ಮಾಲಿಸೀಟ್, ಮಿಕ್‌ಮಾಕ್, ಹೀಗೆ ಐದು ಜನ ಸೇರಿದ್ದು.

ಅಬೆನಾಕಿ ಒಂದೇ ಭಾಷೆಯೂ ಅಲ್ಲ. ಪೂರ್ವ ಅಬೆನಾಕಿ ಅಂದರೆ ಮೇನ್ ರಾಜ್ಯದ್ದು. ಅದರಲ್ಲಿ ಕೊನೆವರೆಗೆ ಉಳಿದದ್ದು ಪೆನೋಬ್‌ಸ್ಕಾಟ್. ಪಶ್ಚಿಮ ಅಬೆನಾಕಿ ವರ್ಮಾಂಟ್ ಮತ್ತು ನ್ಯೂ ಹ್ಯಾಂಪ್‌ಷೈರ್‌ನದ್ದು. ಈಗ ಅದರ ಮುಖ್ಯ ನೆಲೆ ಕ್ವಿಬೆಕ್‌ನ ಒಡನಾಕ್. ನಿಮ್ಮ ಪುಸ್ತಕ ಯಾವುದನ್ನು "ಅಳಿದಿದೆ" ಅಂದಿದೆ ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ.

ತರಲೆ ತಮ್ಮಯ್ಯ
ಪ್ರಾಜೆಕ್ಟ್ ಮಾರ್ಕ್ಸ್ ಅಪ್ಪನಿಗೋ ಮಗಳಿಗೋ?

ಮೆರಿಮ್ಯಾಕ್ ದಂಡೆ
@ತರಲೆ ತಮ್ಮಯ್ಯ ಬಂದರೆ ಅವಳಿಗೆ, ಹೋದರೆ ನನಗೆ.

ಇತಿಹಾಸದ ಮೇಷ್ಟ್ರು
ನ್ಯೂ ಹ್ಯಾಂಪ್‌ಷೈರ್‌ನ ಜನ ಕ್ವಿಬೆಕ್‌ಗೆ ಯಾಕೆ ಹೋದರು ಅನ್ನುವುದು ಗೊತ್ತಾಗದೆ ಉಳಿದದ್ದು ಅರ್ಥವಾಗುವುದಿಲ್ಲ.

1616ರಿಂದ 1619ರ ನಡುವೆ ಕರಾವಳಿಯಲ್ಲಿ ದೊಡ್ಡ ಸಾಂಕ್ರಾಮಿಕ ಬಂತು. ಪಿಲ್ಗ್ರಿಮ್‌ಗಳ ಹಡಗು ಬರುವ ಮೊದಲೇ ಎಷ್ಟೋ ಹಳ್ಳಿ ಖಾಲಿಯಾಗಿದ್ದವು. 1675ರಲ್ಲಿ ಇಂಗ್ಲಿಷರಿಗೂ ಮೂಲನಿವಾಸಿಗಳಿಗೂ ಕಿಂಗ್ ಫಿಲಿಪ್ ಯುದ್ಧ ಶುರುವಾಯಿತು. ಸೋತವರು, ತಪ್ಪಿಸಿಕೊಂಡವರು ಉತ್ತರಕ್ಕೆ ಸರಿದರು. ಅಲ್ಲಿಂದ ಮುಂದೆ ಸುಮಾರು 80 ವರ್ಷ ಇಂಗ್ಲಿಷರು ಮತ್ತು ಫ್ರೆಂಚರ ಕಾದಾಟ. ಅಬೆನಾಕಿಗಳು ಹೆಚ್ಚಾಗಿ ಫ್ರೆಂಚರ ಕಡೆ. 1755ರಲ್ಲಿ ಮ್ಯಾಸಚೂಸೆಟ್ಸ್‌ನ ಲೆಫ್ಟಿನೆಂಟ್ ಗವರ್ನರ್ ಸ್ಪೆನ್ಸರ್ ಫಿಪ್ಸ್ ಪೆನೋಬ್‌ಸ್ಕಾಟರ ತಲೆಚರ್ಮಕ್ಕೆ ಬೆಲೆ ಕಟ್ಟಿ ಘೋಷಣೆ ಹೊರಡಿಸಿದ. ಗಂಡಸಿನದಾದರೆ 40 ಪೌಂಡ್. ಮಕ್ಕಳದ್ದಕ್ಕೂ ದರ ಇತ್ತು. ಆ ಪತ್ರ ಇಂದಿಗೂ ಇದೆ.

ಒಡನಾಕ್ ಹೀಗೆ ಓಡಿಬಂದವರೆಲ್ಲ ಸೇರಿದ ಊರು. ಅಲ್ಲಿಗೂ ಬಿಡಲಿಲ್ಲ. 1759ರ ಅಕ್ಟೋಬರ್ 4ರ ಬೆಳಗಿನ ಜಾವ ಇಂಗ್ಲಿಷರ ಕಡೆಯ ರಾಬರ್ಟ್ ರಾಜರ್ಸ್ ದಂಡು ಊರಿಗೆ ಬೆಂಕಿ ಹಚ್ಚಿತು. 200 ಜನ ಸತ್ತರು ಅಂತ ರಾಜರ್ಸ್ ಬರೆದುಕೊಂಡ. ಫ್ರೆಂಚ್ ದಾಖಲೆಗಳಲ್ಲಿ ಸುಮಾರು 30. ಒಡನಾಕ್‌ನ ಮನೆಗಳಲ್ಲಿ ಹೇಳಿಕೊಂಡು ಬಂದ ಕಥೆ ಬೇರೆಯೇ ಇದೆ. ಹಿಂದಿನ ರಾತ್ರಿ ಕುಣಿತ ನಡೆಯುತ್ತಿದ್ದಾಗ ಅಪರಿಚಿತನೊಬ್ಬ ಬಂದು ಎಚ್ಚರಿಸಿದನಂತೆ, ಹಾಗಾಗಿ ಬಹಳ ಜನ ಮೊದಲೇ ಅಡಗಿಕೊಂಡರಂತೆ. ಗಾರ್ಡನ್ ಡೇ ಎಂಬ ವಿದ್ವಾಂಸ 200 ವರ್ಷಗಳ ನಂತರ ಈ ಕಥೆಯನ್ನು ಬರೆದುಕೊಂಡು ಫ್ರೆಂಚ್ ಲೆಕ್ಕಕ್ಕೆ ಹೋಲಿಸಿ ನೋಡಿದ. ಬಾಯಿಮಾತಿನ ಕಥೆ ಸೈನಿಕನ ವರದಿಗಿಂತ ಸತ್ಯಕ್ಕೆ ಹತ್ತಿರ ಇತ್ತು.

ಸುಬ್ಬಿ
ಹಾಗಾದರೆ ಥ್ಯಾಂಕ್ಸ್‌ಗಿವಿಂಗ್ ಕಥೆಯಲ್ಲಿ ಬರುವವರು ಇವರೇನಾ?

ಇತಿಹಾಸದ ಮೇಷ್ಟ್ರು
@ಸುಬ್ಬಿ ಊಟಕ್ಕೆ ಬಂದವರು ವಾಂಪನೋಗ್ ಅನ್ನುವ ಬೇರೆ ಜನ. ಆದರೆ 1621ರ ಮಾರ್ಚ್‌ನಲ್ಲಿ ಪ್ಲಿಮತ್‌ಗೆ ಒಬ್ಬನೇ ನಡೆದುಬಂದು ಇಂಗ್ಲಿಷಿನಲ್ಲೇ ಸ್ವಾಗತ ಹೇಳಿದ ಸಾಮೊಸೆಟ್ ಮೇನ್ ಕಡೆಯ ಅಬೆನಾಕಿ ನಾಯಕ. ಮೀನು ಹಿಡಿಯಲು ಬರುತ್ತಿದ್ದ ಇಂಗ್ಲಿಷರ ಹತ್ತಿರ ಭಾಷೆ ಕಲಿತಿದ್ದ. ಸ್ವಾಗತ ಹೇಳಿ ಬಿಯರ್ ಇದೆಯಾ ಅಂತ ಕೇಳಿದನಂತೆ. ಬಿಯರ್ ಇರಲಿಲ್ಲ. ಬೇರೆ ಮದ್ಯ, ಬಿಸ್ಕತ್ತು, ಬೆಣ್ಣೆ, ಚೀಸ್, ಬಾತುಕೋಳಿ ಕೊಟ್ಟರು.

ತರಲೆ ತಮ್ಮಯ್ಯ
ಸಾಮೊಸೆಟ್ ನಮ್ಮ ಪೈಕಿ 🙏

ಮಾಂಟ್ರಿಯಲ್ ಮಾವ
ಒಡನಾಕ್‌ಗೆ ಹೋಗಿಬಂದಿದ್ದೇನೆ. ಮಾಂಟ್ರಿಯಲ್ ಮತ್ತು ತ್ರೋಯ್ ರಿವಿಯೇರ್ ನಡುವೆ, ಸೇಂಟ್ ಲಾರೆನ್ಸ್ ನದಿಯ ದಕ್ಷಿಣಕ್ಕೆ, ಸೇಂಟ್ ಫ್ರಾನ್ಸಿಸ್ ನದಿ ದಡದಲ್ಲಿದೆ. ಸಣ್ಣ ಊರು, ಅಚ್ಚುಕಟ್ಟಾಗಿದೆ. 1965ರಲ್ಲಿ ಶುರುವಾದ ವಸ್ತುಸಂಗ್ರಹಾಲಯ ಇದೆ. ಕ್ವಿಬೆಕ್‌ನಲ್ಲಿ ಮೂಲನಿವಾಸಿಗಳ ಮೊದಲ ಮ್ಯೂಸಿಯಂ ಅದು. 2011ರಿಂದ ಕಿಯುನಾ ಅನ್ನುವ ಕಾಲೇಜೂ ಇದೆ. ಚಿತ್ರ ನಿರ್ದೇಶಕಿ ಅಲಾನಿಸ್ ಒಬೊಮ್ಸಾವಿನ್ ಚಿಕ್ಕಂದಿನಲ್ಲಿ ಬೆಳೆದದ್ದೂ ಒಡನಾಕ್‌ನಲ್ಲೇ.

ಒಂದು ವಿಷಯ ನನಗೆ ಮೊದಲು ತಿಳಿಯಲಿಲ್ಲ. ಬೋರ್ಡ್‌ಗಳಲ್ಲಿ ಪದಗಳ ಮಧ್ಯೆ 8 ಅಂಕಿ! "ಡಬ್ಲ್ಯು 8 ಬನಾಕಿ" ಅಂತ. ಪ್ರಿಂಟಿಂಗ್ ತಪ್ಪು ಅಂದುಕೊಂಡು ಪಕ್ಕದಲ್ಲಿದ್ದವರಿಗೆ ಹೇಳೂ ಹೇಳಿದೆ.

ಭಾಷೆ ಹುಳ
@ಮಾಂಟ್ರಿಯಲ್ ಮಾವ ಅದು ಅಕ್ಷರವೇ ಮಾವ. ಹಿಂದೆ ಫ್ರೆಂಚ್ ಪಾದ್ರಿಗಳು ಊ ಮತ್ತು ವ ಧ್ವನಿಗೆ 8ರಂಥ ಗುರುತು ಬಳಸುತ್ತಿದ್ದರು. ಗ್ರೀಕ್‌ನ ಎರಡು ಅಕ್ಷರ ಒಂದರ ಮೇಲೊಂದು ಕೂತ ರೂಪ ಅದು. ಈಗ ಪಶ್ಚಿಮ ಅಬೆನಾಕಿಯಲ್ಲಿ ಅದೇ 8 ಮೂಗಿನಲ್ಲಿ ಹೇಳುವ ಒ ಸ್ವರಕ್ಕೆ ನಿಂತಿದೆ. ಕೆಲವರು 8ರ ಬದಲು ಒ ಮೇಲೆ ಟೋಪಿ ಹಾಕಿ ಬರೆಯುತ್ತಾರೆ. ಎರಡೂ ನಡೆಯುತ್ತದೆ.

ಕುಡ್ಲದ ಹುಡುಗ
ವ್ಯಾಕರಣ ಹೇಗಿದೆ? ಸಂಸ್ಕೃತದ ಹಾಗೆ ಲಿಂಗ ವಿಭಕ್ತಿ ಎಲ್ಲ ಇದೆಯಾ?

ಭಾಷೆ ಹುಳ
@ಕುಡ್ಲದ ಹುಡುಗ ಗಂಡು ಹೆಣ್ಣು ಅನ್ನುವ ಲಿಂಗವೇ ಇಲ್ಲ. ಬದಲಿಗೆ ಜೀವ ಇರುವುದು, ಇಲ್ಲದ್ದು ಅಂತ ಎರಡು ಗುಂಪು. ಆದರೆ ಅದು ವಿಜ್ಞಾನದ ಲೆಕ್ಕವಲ್ಲ. ಇದೇ ಕುಟುಂಬದ ಕ್ರೀ ಭಾಷೆಯಲ್ಲಿ ರಾಸ್ಪ್‌ಬೆರಿ ಜೀವ ಇರುವ ಗುಂಪಿನಲ್ಲಿದೆ, ಸ್ಟ್ರಾಬೆರಿ ಇಲ್ಲದ ಗುಂಪಿನಲ್ಲಿ. ಯಾಕೆ ಅಂತ ಕೇಳಿದರೆ ಭಾಷಾಶಾಸ್ತ್ರಜ್ಞರು ಇನ್ನೂ ಜಗಳ ಆಡುತ್ತಾರೆ.

ಕ್ರಿಯಾಪದ ಬಹಳ ಉದ್ದ. ಯಾರು, ಯಾರಿಗೆ, ಹೇಗೆ ಎಲ್ಲ ಅದರೊಳಗೇ ಸೇರಿ ಒಂದು ಪದವೇ ಪೂರ್ತಿ ವಾಕ್ಯ ಆಗುತ್ತದೆ. ಇನ್ನು "ಅಮ್ಮ" ಅಂತ ಬರೀ ಹೇಳಲು ಆಗುವುದಿಲ್ಲ. ನಿಗಾವೆಸ್ ಅಂದರೆ ನನ್ನ ಅಮ್ಮ, ಕಿಗಾವೆಸ್ ಅಂದರೆ ನಿನ್ನ ಅಮ್ಮ. ಯಾರ ಅಮ್ಮ ಅಂತ ಹೇಳಲೇಬೇಕು.

ಆಮೇಲೆ ನಿಮಗೆ ಖುಷಿ ಆಗುವ ವಿಷಯ. "ನಾವು" ಅನ್ನುವುದಕ್ಕೆ ಎರಡು ಪದ. ಕಿಯೋನಾ ಅಂದರೆ ನೀನೂ ಸೇರಿ ನಾವು, ನಿಯೋನಾ ಅಂದರೆ ನಿನ್ನನ್ನು ಬಿಟ್ಟು ನಾವು.

ಕುಡ್ಲದ ಹುಡುಗ
ಅರೆ, ನಮ್ಮ ತುಳುವಿನಲ್ಲೂ ಹಾಗೇ! ನಮ ಅಂದರೆ ನೀವೂ ಸೇರಿ. ಎಂಕುಲು ಅಂದರೆ ನೀವಿಲ್ಲದೆ. ಬೆಂಗಳೂರಿನ ಗೆಳೆಯರಿಗೆ ಇದನ್ನು ಅರ್ಥ ಮಾಡಿಸಿ ಸಾಕಾಗಿದೆ.

ಗುಂಟೂರು ಸೊಸೆ
ತೆಲುಗಿನಲ್ಲೂ ಇದೆ. ಮನಂ, ಮೇಮು. ಮದುವೆಯಾದ ಹೊಸದರಲ್ಲಿ ಅತ್ತೆ ಎದುರು "ಮೇಮು ಊಟಕ್ಕೆ ಹೋಗೋಣ" ಅಂದು ಮನೆಮಂದಿ ಎಲ್ಲ ನಕ್ಕಿದ್ದರು.

ಪ್ರಳಯಾಂತಕ
ನೋಡಿದ್ರಾ? ದ್ರಾವಿಡ ಭಾಷೆಗೂ ಅಮೆರಿಕದ ಮೂಲನಿವಾಸಿಗಳಿಗೂ ಸಂಬಂಧ ಇದೆ. ಸುಮ್ನೆ ಇಂಡಿಯನ್ಸ್ ಅಂತ ಕರೆದರಾ?

ಭಾಷೆ ಹುಳ
@ಪ್ರಳಯಾಂತಕ ಇಲ್ಲ ಸ್ವಾಮಿ. ಈ ಎರಡು ಬಗೆಯ "ನಾವು" ಆಸ್ಟ್ರೇಲಿಯಾದಲ್ಲೂ ಇದೆ, ಪೆಸಿಫಿಕ್ ದ್ವೀಪಗಳಲ್ಲೂ ಇದೆ. ನೆಂಟಸ್ತಿಕೆ ತೋರಿಸಲು ಪದಗಳ ಧ್ವನಿ ಒಂದು ಕ್ರಮದಲ್ಲಿ ಹೊಂದಬೇಕು. ಆಲ್ಗಾಂಕ್ವಿಯನ್ ಭಾಷೆಗಳಿಗೆ ನಿಜವಾದ ದೂರದ ನೆಂಟರು ಬೇಕಿದ್ದರೆ ಕ್ಯಾಲಿಫೋರ್ನಿಯಾ ಕರಾವಳಿಯ ಯೂರೋಕ್ ಮತ್ತು ವಿಯೋಟ್ ಇವೆ. ಭಾಷಾಶಾಸ್ತ್ರಜ್ಞ ಎಡ್ವರ್ಡ್ ಸಪೀರ್ 1913ರಲ್ಲಿ ಹೇಳಿದಾಗ ಬಹಳ ಜನ ಒಪ್ಪಲಿಲ್ಲ. 1958ರಲ್ಲಿ ಮೇರಿ ಹಾಸ್ ಸಾಕ್ಷಿ ಇಟ್ಟು ತೋರಿಸಿದ ಮೇಲೆ ವಾದ ಮುಗಿಯಿತು.

ಪ್ರಳಯಾಂತಕ
ಎಲ್ಲದಕ್ಕೂ ಬಿಳಿಯರ ಸಾಕ್ಷಿನೇ ಬೇಕು ನಿಮಗೆ.

ನಿರ್ವಾಹಕ
ವಿಷಯಕ್ಕೆ ಬನ್ನಿ. ಇಂಡಿಯನ್ ನಂಟಿನ ಬಗ್ಗೆ ಬೇರೆ ಎಳೆ ಶುರು ಮಾಡಿಕೊಳ್ಳಿ.

ಮೆರಿಮ್ಯಾಕ್ ದಂಡೆ
ಎಲ್ಲರಿಗೂ ಥ್ಯಾಂಕ್ಸ್. ಆದರೆ ಮೊದಲ ಪ್ರಶ್ನೆ ಹಾಗೇ ಉಳಿಯಿತು. ಮಾತಾಡುವವರು ಇದ್ದಾರಾ ಇಲ್ಲವಾ?

ಬುಟ್ಟಿ ಹುಚ್ಚಿ
ಪೆನೋಬ್‌ಸ್ಕಾಟ್ ಬಗ್ಗೆ ನಾನು ಹೇಳುತ್ತೇನೆ. ತೊಟ್ಟಿಲಿನಿಂದ ಆ ಭಾಷೆ ಆಡಿಕೊಂಡು ಬೆಳೆದವರಲ್ಲಿ ಕೊನೆಯವರು ಮ್ಯಾಡಲಿನ್ ಶೇ. 1993ರಲ್ಲಿ ತೀರಿಕೊಂಡರು. ಪಶ್ಚಿಮ ಅಬೆನಾಕಿಯಲ್ಲಿ ಸೆಸಿಲ್ ವವನೊಲೆಟ್ ಅನ್ನುವ ಅಜ್ಜಿ ಇದ್ದರು. ಹುಟ್ಟಿದ್ದು 1908, ತೀರಿಕೊಂಡದ್ದು 2006. ಅವರು ಮಗನಿಗೂ ಕಲಿಸಿದರು, ಹೊರಗಿನ ಎಷ್ಟೋ ಜನಕ್ಕೂ ಕಲಿಸಿದರು. ಈಗ ಪಾಠ ಹೇಳುವವರಲ್ಲಿ ಹಲವರು ಅವರ ಶಿಷ್ಯರು, ಇಲ್ಲವೇ ಶಿಷ್ಯರ ಶಿಷ್ಯರು. 2020ರಿಂದ ವರ್ಮಾಂಟ್‌ನ ಮಿಡಲ್‌ಬರಿ ಕಾಲೇಜಿನ ಬೇಸಿಗೆ ಭಾಷಾ ಶಾಲೆಯಲ್ಲೂ ಅಬೆನಾಕಿ ಸೇರಿದೆ.

ಅಂದರೆ ಹುಟ್ಟಿನಿಂದ ಆಡುವವರು ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ಕಲಿತು ಆಡುವವರು ಇದ್ದಾರೆ. ಅವರನ್ನು ಲೆಕ್ಕಕ್ಕೆ ಇಡದೆ "ಸತ್ತಿದೆ" ಅಂತ ಬರೆಯುವವರ ಮೇಲೆ ನನಗೆ ಸಿಟ್ಟು ಬರುತ್ತದೆ.

ಒಣ ವಾದ
ಸಿಟ್ಟು ಬಂದರೆ ಭಾಷೆ ಬದುಕುವುದಿಲ್ಲ ಮೇಡಂ. ಮನೆಯಲ್ಲಿ ಮಕ್ಕಳು ಆ ಭಾಷೆಯಲ್ಲಿ ಜಗಳ ಆಡಬೇಕು. ತರಗತಿಯಲ್ಲಿ ನೂರು ಪದ ಕಲಿತರೆ ಅದು ಹವ್ಯಾಸ.

ಬುಟ್ಟಿ ಹುಚ್ಚಿ
@ಒಣ ವಾದ ವಾಂಪನೋಗ್ ಕಥೆ ಕೇಳಿದ್ದೀರಾ? ನೂರಕ್ಕೂ ಹೆಚ್ಚು ವರ್ಷ ಒಬ್ಬರೂ ಆಡುವವರಿರಲಿಲ್ಲ. ಆ ಭಾಷೆಯಲ್ಲಿ 1663ರಲ್ಲಿ ಅಚ್ಚಾದ ಬೈಬಲ್, ಹಳೆ ಜಮೀನು ಪತ್ರ ಇವೇ ಆಧಾರ. ಜೆಸ್ಸಿ ಲಿಟಲ್ ಡೋ ಬೇರ್ಡ್ ಅವನ್ನೇ ಇಟ್ಟುಕೊಂಡು ಭಾಷೆ ಕಟ್ಟಿ, ಮಗಳನ್ನು ಅದರಲ್ಲೇ ಬೆಳೆಸಿದರು. 2010ರಲ್ಲಿ ಮ್ಯಾಕ್‌ಆರ್ಥರ್ ಫೆಲೋಶಿಪ್ ಬಂತು. ಅಬೆನಾಕಿಗೆ ಅದಕ್ಕಿಂತ ಎಷ್ಟೋ ಜಾಸ್ತಿ ಸಾಮಗ್ರಿ ಇದೆ. ಧ್ವನಿಮುದ್ರಣಗಳೇ ಇವೆ.

ಒಣ ವಾದ
ಒಂದು ಮನೆ. ನಾನು ಕೇಳಿದ್ದು ಒಂದು ಊರು.

ಇತಿಹಾಸದ ಮೇಷ್ಟ್ರು
ಸಾಮಗ್ರಿ ಅಂದಿರಲ್ಲ, ಅದರ ಕಥೆ ಚೆನ್ನಾಗಿದೆ. ಸೆಬಾಸ್ಟಿಯನ್ ರಾಲ್ ಅನ್ನುವ ಜೆಸ್ಯೂಟ್ ಪಾದ್ರಿ 1691ರಲ್ಲಿ ಕಿವಿಗೆ ಬಿದ್ದ ಪದಗಳನ್ನು ಬರೆದಿಡಲು ಶುರು ಮಾಡಿದ. ಮೇನ್‌ನ ನಾರಿಜ್‌ವಾಕ್ ಹಳ್ಳಿಯಲ್ಲಿ ಇದ್ದ. 1722ರಲ್ಲಿ ಇಂಗ್ಲಿಷರು ಅವನನ್ನು ಹಿಡಿಯಲು ಬಂದರು. ಅವನು ತಪ್ಪಿಸಿಕೊಂಡ, ಪೆಟ್ಟಿಗೆ ಸಿಕ್ಕಿತು. ಅದರಲ್ಲಿತ್ತು ನಿಘಂಟು. 1724ರಲ್ಲಿ ಮತ್ತೆ ದಾಳಿ ಮಾಡಿ ಅವನನ್ನೂ ಹಳ್ಳಿಯವರನ್ನೂ ಕೊಂದರು. ಲೂಟಿ ಮಾಡಿದ ಹಸ್ತಪ್ರತಿ ಹಾರ್ವರ್ಡ್ ಸೇರಿತು, 1833ರಲ್ಲಿ ಅಚ್ಚಾಯಿತು. ಈಗಲೂ ಅಲ್ಲೇ ಇದೆ.

ಇನ್ನೊಂದು ಒಡನಾಕ್‌ನವರೇ ಬರೆದದ್ದು. ಅಲ್ಲಿನ ಮುಖ್ಯಸ್ಥ ಜೋಸೆಫ್ ಲಾರೆಂಟ್ 1884ರಲ್ಲಿ ಅಬೆನಾಕಿ ಮತ್ತು ಇಂಗ್ಲಿಷ್ ಸಂಭಾಷಣೆಯ ಪುಸ್ತಕ ಪ್ರಕಟಿಸಿದ. @ಮೆರಿಮ್ಯಾಕ್ ದಂಡೆ, ಇದು ನಿಮ್ಮ ರಾಜ್ಯಕ್ಕೇ ಸೇರಿದ್ದು: ಅದೇ ಲಾರೆಂಟ್ ಬೇಸಿಗೆಯಲ್ಲಿ ನಾರ್ತ್ ಕಾನ್‌ವೇ ಹತ್ತಿರದ ಇಂಟರ್‌ವೇಲ್‌ಗೆ ಬಂದು ಬಿಡಾರ ಹೂಡಿ ಪ್ರವಾಸಿಗಳಿಗೆ ಬುಟ್ಟಿ ಮಾರುತ್ತಿದ್ದ. ಮಗ ಸ್ಟೀಫನ್ ಆಮೇಲೂ ಆ ಅಂಗಡಿ ನಡೆಸಿದ. ಅಮೆರಿಕದ ಐತಿಹಾಸಿಕ ತಾಣಗಳ ಪಟ್ಟಿಯಲ್ಲಿ ಆ ಜಾಗ ಇದೆ. ಮಗಳ ಪ್ರಾಜೆಕ್ಟ್‌ಗೆ ಇದನ್ನು ಹಾಕಿ.

ಮೆರಿಮ್ಯಾಕ್ ದಂಡೆ
ಹತ್ತು ಸಲ ಆ ರಸ್ತೆಯಲ್ಲೇ ಎಲೆ ಬಣ್ಣ ನೋಡಲು ಹೋಗಿದ್ದೇವೆ! ಒಬ್ಬರೂ ಹೇಳಲಿಲ್ಲ ನೋಡಿ.

ಬುಟ್ಟಿ ಹುಚ್ಚಿ
ಬುಟ್ಟಿ ಅಂದಮೇಲೆ ನಾನು ಬಾಯಿ ಮುಚ್ಚಿಕೊಂಡಿರಲ್ಲ. ಅವರ ಬುಟ್ಟಿ ಬಿದಿರಿನದ್ದಲ್ಲ. ಕಪ್ಪು ಆಶ್ ಮರದ ದಿಮ್ಮಿಯನ್ನು ಕೊಡಲಿಯ ಹಿಂಬದಿಯಿಂದ ಬಡಿಯುತ್ತಾರೆ. ವರ್ಷಕ್ಕೊಂದರಂತೆ ಬೆಳೆದ ಪದರಗಳು ಬಿಟ್ಟುಕೊಂಡು ಪಟ್ಟಿ ಪಟ್ಟಿಯಾಗಿ ಏಳುತ್ತವೆ. ಅದನ್ನು ಸೀಳಿ ಹೆಣೆಯುವುದು. ಅಂಚಿಗೆ ಸ್ವೀಟ್‌ಗ್ರಾಸ್ ಹುಲ್ಲು. ಲಾವಂಚದ ಹಾಗೆ ವರ್ಷಗಟ್ಟಲೆ ಪರಿಮಳ ಇರುತ್ತದೆ.

ಈಗ ಆ ಮರಕ್ಕೇ ಕುತ್ತು. ಎಮರಾಲ್ಡ್ ಆಶ್ ಬೋರರ್ ಅನ್ನುವ ಹಸಿರು ಹುಳ ಏಷ್ಯಾದಿಂದ ಬಂದು 2002ರಲ್ಲಿ ಡೆಟ್ರಾಯಿಟ್ ಹತ್ತಿರ ಸಿಕ್ಕಿತು. 2018ಕ್ಕೆ ಮೇನ್ ತಲುಪಿತು. ಬುಟ್ಟಿಗೆ ಬೇಕಾದ ಮರ ಸಿಗುವುದೇ ಕಷ್ಟ. ಕೆಲವರು ಬೀಜ ಕೂಡಿಡುತ್ತಿದ್ದಾರೆ.

ಒಣ ವಾದ
ನಿಘಂಟಿನ ವಿಷಯಕ್ಕೆ ಬಂದರೆ ಫ್ರಾಂಕ್ ಸೀಬರ್ಟ್ ಹೆಸರು ಯಾಕೆ ಯಾರೂ ಎತ್ತಲಿಲ್ಲ? ಪೆನೋಬ್‌ಸ್ಕಾಟ್ ಇವತ್ತು ಕಾಗದದ ಮೇಲೆ ಉಳಿದಿದ್ದರೆ ಅದಕ್ಕೆ ಆ ಮನುಷ್ಯ ಕಾರಣ.

ವೃತ್ತಿಯಲ್ಲಿ ವೈದ್ಯ, ಪೆಥಾಲಜಿಸ್ಟ್. ಭಾಷಾಶಾಸ್ತ್ರ ತಾನೇ ಕಲಿತದ್ದು. 1930ರ ದಶಕದಿಂದಲೇ ಪೆನೋಬ್‌ಸ್ಕಾಟ್ ಹಿರಿಯರ ಹತ್ತಿರ ಬಂದು ಬರೆದುಕೊಳ್ಳುತ್ತಿದ್ದರು. ಆಮೇಲೆ ಕೆಲಸ ಬಿಟ್ಟು ಮೇನ್‌ನ ಓಲ್ಡ್ ಟೌನ್‌ನಲ್ಲೇ ನೆಲೆಸಿದರು. ಎದುರಿನ ದ್ವೀಪದಲ್ಲಿ ಪೆನೋಬ್‌ಸ್ಕಾಟರ ಊರು. ನಿಘಂಟು ಕಟ್ಟಿದರು.

1967ರಲ್ಲಿ ಅವರು ಬರೆದ ಒಂದು ಲೇಖನ ನನಗೆ ಪತ್ತೇದಾರಿ ಕಥೆ ಓದಿದ ಹಾಗಿತ್ತು. ಆಲ್ಗಾಂಕ್ವಿಯನ್ ಭಾಷೆಗಳಿಗೆಲ್ಲ ತಾಯಿಯಾದ ಭಾಷೆ ಎಲ್ಲಿ ಹುಟ್ಟಿತು ಅನ್ನುವುದು ಪ್ರಶ್ನೆ. ಮಗಳು ಭಾಷೆಗಳಲ್ಲಿ ಸಾಮಾನ್ಯವಾಗಿರುವ ಮರ, ಹಕ್ಕಿ, ಮೀನು, ಪ್ರಾಣಿಗಳ ಹೆಸರು ಹೆಕ್ಕಿದರು. ಕ್ಯಾರಿಬೂ ಎಲ್ಲಿ ಇತ್ತು, ಸೀಲ್ ಎಲ್ಲಿವರೆಗೆ ಬರುತ್ತಿತ್ತು ಅಂತ ಒಂದೊಂದಕ್ಕೂ ನಕ್ಷೆ. ನಕ್ಷೆಗಳನ್ನು ಒಂದರ ಮೇಲೊಂದು ಇಟ್ಟರೆ ಎಲ್ಲವೂ ಒಟ್ಟಿಗೆ ಸಿಗುವ ಜಾಗ ಒಂದೇ: ಜಾರ್ಜಿಯನ್ ಕೊಲ್ಲಿ ಮತ್ತು ಒಂಟಾರಿಯೋ ಸರೋವರದ ನಡುವೆ. ಈಗಿನವರು ಮೂಲ ನೆಲೆ ಇನ್ನೂ ಪಶ್ಚಿಮಕ್ಕೆ ಇತ್ತು ಅನ್ನುತ್ತಾರೆ, ಇರಲಿ. ವಿಧಾನ ಮಾತ್ರ ಅದ್ಭುತ.

ಬುಟ್ಟಿ ಹುಚ್ಚಿ
@ಒಣ ವಾದ ಕಥೆಯ ಅರ್ಧ ಹೇಳಿದಿರಿ. ಅವರು 1998ರಲ್ಲಿ ತೀರಿಕೊಂಡರು. ಅವರ ಅಪರೂಪದ ಪುಸ್ತಕಗಳು 1999ರಲ್ಲಿ ಸಾಥ್‌ಬೀಸ್ ಹರಾಜಿನಲ್ಲಿ ಒಂದು ಕೋಟಿ ಡಾಲರ್‌ಗೂ ಮೀರಿ ಹೋದವು. ಟಿಪ್ಪಣಿ, ಕಾಗದಪತ್ರ ಎಲ್ಲ ಫಿಲಡೆಲ್ಫಿಯಾದ ಅಮೆರಿಕನ್ ಫಿಲಾಸಫಿಕಲ್ ಸೊಸೈಟಿಗೆ ಹೋಯಿತು. ಹಿರಿಯರು ಕೂತು ಹೇಳಿದ ಕಥೆ, ಪದ ಎಲ್ಲದರ ಹಕ್ಕು ಬರೆದುಕೊಂಡವರ ಕಡೆ ಉಳಿಯಿತು. ಹೇಳಿದವರ ಮೊಮ್ಮಕ್ಕಳು ಬಳಸಲು ಅನುಮತಿ ಕೇಳುವ ಸ್ಥಿತಿ ಬಂದಿತ್ತು. ಸೀಬರ್ಟ್ ಜೊತೆ ಕೆಲಸ ಮಾಡುತ್ತಲೇ ಭಾಷೆ ಕಲಿತ ಕ್ಯಾರಲ್ ಡೇನಾ ಊರಿನ ಮಕ್ಕಳಿಗೆ ಕಲಿಸಿದರು. ನಾನು ಕೈ ಮುಗಿಯುವುದು ಅವರಿಗೆ.

ಒಣ ವಾದ
ಸೀಬರ್ಟ್ ಬರೆಯದಿದ್ದರೆ ಕ್ಯಾರಲ್ ಡೇನಾ ಏನನ್ನು ಕಲಿಸುತ್ತಿದ್ದರು?

ಬುಟ್ಟಿ ಹುಚ್ಚಿ
ಹಿರಿಯರು ಹೇಳದಿದ್ದರೆ ಸೀಬರ್ಟ್ ಏನನ್ನು ಬರೆಯುತ್ತಿದ್ದರು?

ತರಲೆ ತಮ್ಮಯ್ಯ
🍿

ಭಾಷೆ ಹುಳ
ಇಬ್ಬರೂ ಹೇಳಿದ್ದು ಸರಿ, ಆದರೆ ಒಂದು ಗಮನಿಸಿ. ಸೀಬರ್ಟ್ ಬರೆದ ಲಿಪಿ ಭಾಷಾಶಾಸ್ತ್ರದ ಗುರುತುಗಳಿಂದ ತುಂಬಿದೆ. ಕಲಿಯಲು ಬಂದ ಮಕ್ಕಳಿಗೆ ಮೊದಲು ಅದನ್ನು ಓದಲು ಕಲಿಸಬೇಕು. ಒಡನಾಕ್‌ನಲ್ಲಿ ಊರಿನವರೇ 19ನೇ ಶತಮಾನದಿಂದ ತಮಗೆ ಬೇಕಾದಂತೆ ಬರೆದುಕೊಂಡು ಬಂದರು. 1830ರಲ್ಲೇ ಅವರದೇ ಜನದ ವ್ಜೊಖಿಲೈನ್ ಅಬೆನಾಕಿಯಲ್ಲಿ ಮಕ್ಕಳ ಓದುಪುಸ್ತಕ ಅಚ್ಚು ಹಾಕಿಸಿದ್ದ. ಪಶ್ಚಿಮ ಅಬೆನಾಕಿ ಕಲಿಯುವುದು ಸ್ವಲ್ಪ ಸುಲಭ ಆಗಿರುವುದಕ್ಕೆ ಅದೂ ಕಾರಣ.

ವರ್ಮಾಂಟ್ ವಾಸಿ
ನಾಲ್ಕು ಬುಡಕಟ್ಟಿನ ಪ್ರಶ್ನೆಗೆ ಬರುತ್ತೇನೆ. ನಾನು ಬರ್ಲಿಂಗ್‌ಟನ್ ಹತ್ತಿರ ಇದ್ದೇನೆ, ಇಲ್ಲಿ ಇದು ಬಿಸಿ ವಿಷಯ.

ಮಿಸಿಸ್ಕ್ವಾಯ್ ಕಡೆಯ ಗುಂಪು ಕೇಂದ್ರ ಸರ್ಕಾರದ ಮಾನ್ಯತೆ ಕೇಳಿತ್ತು, 2007ರಲ್ಲಿ ತಿರಸ್ಕಾರ ಆಯಿತು. ಆಮೇಲೆ ವರ್ಮಾಂಟ್ ರಾಜ್ಯ 2011ರಲ್ಲಿ ಎಲ್ನು ಮತ್ತು ನುಲ್ಹೀಗನ್, 2012ರಲ್ಲಿ ಮಿಸಿಸ್ಕ್ವಾಯ್ ಮತ್ತು ಕೊವಾಸೆಕ್ ಗುಂಪುಗಳಿಗೆ ಮಾನ್ಯತೆ ಕೊಟ್ಟಿತು. ಒಡನಾಕ್‌ನವರು ಹೇಳುವುದು: ಇವರಲ್ಲಿ ಬಹುಪಾಲು ಜನ ಅಬೆನಾಕಿ ವಂಶವನ್ನು ತೋರಿಸಲು ಆಗಿಲ್ಲ, ಫ್ರೆಂಚ್ ಕೆನಡಾದ ಮನೆತನದವರು, ನಮ್ಮ ಹೆಸರಿನಲ್ಲಿ ಮಾತಾಡಬಾರದು. 2022ರಲ್ಲಿ ವರ್ಮಾಂಟ್ ವಿಶ್ವವಿದ್ಯಾಲಯಕ್ಕೇ ಬಂದು ಇದನ್ನು ಹೇಳಿದರು. ಇಲ್ಲಿನವರು ಹೇಳುವುದು: ನಮ್ಮವರು ಬದುಕಲು ಗುರುತು ಮುಚ್ಚಿಟ್ಟರು, ಹಾಗಾಗಿ ಕಾಗದ ಇಲ್ಲ. 1931ರ ಸಂತಾನಹರಣ ಕಾನೂನನ್ನು ಉದಾಹರಣೆ ಕೊಡುತ್ತಾರೆ. ಆ ಕಾನೂನು ನಿಜ, 2021ರಲ್ಲಿ ವರ್ಮಾಂಟ್ ಶಾಸನಸಭೆ ಕ್ಷಮೆಯನ್ನೂ ಕೇಳಿದೆ. ಆದರೆ ಅದು ಅಬೆನಾಕಿಗಳನ್ನೇ ಗುರಿ ಮಾಡಿತ್ತಾ ಅನ್ನುವುದರ ಮೇಲೂ ವಿವಾದ ಇದೆ.

ನನ್ನ ಅಭಿಪ್ರಾಯ ಕೇಳಿದರೆ, ಮಾನ್ಯತೆ ಕೊಡುವ ಮೊದಲು ಒಡನಾಕ್‌ನವರನ್ನು ಎದುರು ಕೂರಿಸಿ ಸರಿಯಾಗಿ ಕೇಳಬೇಕಿತ್ತು.

ಮಾಂಟ್ರಿಯಲ್ ಮಾವ
1783ರಲ್ಲಿ ಪ್ಯಾರಿಸ್‌ನಲ್ಲಿ ಕೂತು ಅಬೆನಾಕಿಗಳ ನೆಲದ ಮಧ್ಯೆ ಅಮೆರಿಕ, ಕೆನಡಾ ಗಡಿಯ ಗೆರೆ ಎಳೆದರು. ಈಗ ಆ ಗೆರೆಯ ಎರಡೂ ಕಡೆಯವರು ಜಗಳ ಆಡುತ್ತಿದ್ದಾರೆ.

ವರ್ಮಾಂಟ್ ವಾಸಿ
@ಮಾಂಟ್ರಿಯಲ್ ಮಾವ ಅಷ್ಟು ಸರಳ ಅಲ್ಲ ಸರ್. ಎರಡು ಕಡೆಯ ಅಣ್ಣತಮ್ಮಂದಿರ ಜಗಳ ಅಂತ ನೀವು ಅಂದುಕೊಂಡಿದ್ದೀರಿ. ಅಣ್ಣತಮ್ಮಂದಿರು ಹೌದಾ ಅನ್ನುವುದೇ ಜಗಳ.

ಕ್ರಿಕೆಟ್ ಬಿಟ್ಟವನು
ಬೇಸ್‌ಬಾಲ್ ನೋಡುವವರು ಯಾರೂ ಇಲ್ವಾ? ಲೂಯಿ ಸಾಕಲೆಕ್ಸಿಸ್ ಪೆನೋಬ್‌ಸ್ಕಾಟ್. 1897ರಲ್ಲಿ ಕ್ಲೀವ್‌ಲ್ಯಾಂಡ್ ಸ್ಪೈಡರ್ಸ್‌ಗೆ ಆಡಿದ. ಪ್ರೇಕ್ಷಕರು ಯುದ್ಧದ ಕೂಗು ಹಾಕಿ ಅಣಕಿಸುತ್ತಿದ್ದರು. 1915ರಲ್ಲಿ ಕ್ಲೀವ್‌ಲ್ಯಾಂಡ್ ತಂಡ "ಇಂಡಿಯನ್ಸ್" ಅಂತ ಹೆಸರಿಟ್ಟುಕೊಂಡದ್ದು ಅವನ ಗೌರವಕ್ಕೆ ಅಂತ ಬಹಳ ವರ್ಷ ಹೇಳಿಕೊಂಡು ಬಂದರು. ನನಗೆ ಅದು ನಂತರ ಹೊಲಿದ ಕಥೆ ಅನಿಸುತ್ತದೆ. 2022ರಿಂದ ಗಾರ್ಡಿಯನ್ಸ್ ಆಗಿದ್ದಾರೆ.

ಸುಬ್ಬಿ
@ಮೆರಿಮ್ಯಾಕ್ ದಂಡೆ ಮಗಳಿಗೆ ಒಂದು ಕಥೆ ಬೇಕಿದ್ದರೆ ಒಡ್ಜಿಹೋಜೊ ಕಥೆ ಹೇಳಿ. ತನ್ನನ್ನು ತಾನೇ ಮಣ್ಣಿನಿಂದ ಮಾಡಿಕೊಂಡವನು. ಕಾಲು ಬರುವ ಮೊದಲೇ ಕೈಯೂರಿ ತೆವಳಿದ, ಆ ಎಳೆದಾಟಕ್ಕೆ ನದಿ, ಕಣಿವೆ ಆದವು. ಕೊನೆಗೆ ಶಾಂಪ್ಲೇನ್ ಸರೋವರ ಮಾಡಿದ. ಅದು ಎಷ್ಟು ಚೆಂದ ಬಂತು ಅಂದರೆ ಅದನ್ನು ನೋಡುತ್ತಾ ಕೂರಲು ಬಂಡೆಯಾಗಿಬಿಟ್ಟ. ಬರ್ಲಿಂಗ್‌ಟನ್ ದಡದಿಂದ ಆ ಬಂಡೆ ಕಾಣುತ್ತದೆ.

ವರ್ಮಾಂಟ್ ವಾಸಿ
ಹೌದು, ರಾಕ್ ಡಂಡರ್ ಅಂತಾರೆ. ದೋಣಿಯಲ್ಲಿ ಹತ್ತಿರ ಹೋಗಬಹುದು.

ಮೆರಿಮ್ಯಾಕ್ ದಂಡೆ
ಮಗಳು ಬಂಡೆ ಕಥೆಯನ್ನೇ ಆರಿಸಿಕೊಂಡಳು. ನಾನು ಸಂಭಾಷಣೆ ಪುಸ್ತಕ ಹುಡುಕುತ್ತಿದ್ದೇನೆ. ಒಡನಾಕ್‌ಗೆ ಹೋಗೋಣ ಅಂತಿದ್ದೇವೆ. ಇಲ್ಲಿಂದ ಎಷ್ಟು ಹೊತ್ತು ಮಾವ?

ಮಾಂಟ್ರಿಯಲ್ ಮಾವ
ನಾಲ್ಕೂವರೆ, ಐದು ಗಂಟೆ. ಪಾಸ್‌ಪೋರ್ಟ್ ಜೊತೆಗೆ ವೀಸಾ ಪೇಪರ್ ಸರಿಯಾಗಿದೆಯಾ ನೋಡಿಕೊಳ್ಳಿ, ಗಡಿಯಲ್ಲಿ ತೊಂದರೆ ಬೇಡ. ಮ್ಯೂಸಿಯಂಗೆ ಮೊದಲೇ ಫೋನ್ ಮಾಡಿ, ಎಲ್ಲ ದಿನ ತೆಗೆದಿರಲ್ಲ.

ತರಲೆ ತಮ್ಮಯ್ಯ
ದಾರಿಯಲ್ಲಿ ಮೂಸ್ ಸಿಗ್ತವಾ?

ವರ್ಮಾಂಟ್ ವಾಸಿ
ಸಿಗುತ್ತವೆ. ಕತ್ತಲಾದ ಮೇಲೆ ನಿಧಾನ ಓಡಿಸಿ, ಅದರ ಕಣ್ಣು ಹೆಡ್‌ಲೈಟಿಗಿಂತ ಎತ್ತರದಲ್ಲಿರುತ್ತದೆ, ಹೊಳೆಯುವುದೂ ಕಾಣಲ್ಲ.